ಆನಂದ

ಆನಂದ ಎಂದರೆ ಮನಸ್ಸನ್ನು ಪೂರ್ಣವಾಗಿ ತುಂಬುವ ತೀವ್ರವಾದ ಸಂತೋಷ. 'ನಂದ್' (ಸಂತೋಷಪಡು) ಎಂಬ ಸಂಸ್ಕೃತ ಧಾತುವಿಗೆ 'ಆ' ಉಪಸರ್ಗ ಸೇರಿ ಈ ಪದ ಉಂಟಾಗಿದೆ.

ಅನುಭವ

ಆನಂದವು ದೇಹದಲ್ಲಿಯೂ ವ್ಯಕ್ತವಾಗುತ್ತದೆ. ಭರತನ ನಾಟ್ಯಶಾಸ್ತ್ರವು ಹೇಳುವ 8 ಸಾತ್ತ್ವಿಕ ಭಾವಗಳಲ್ಲಿ ರೋಮಾಂಚ ಮತ್ತು ಅಶ್ರು ಸೇರಿವೆ. ದುಃಖದಲ್ಲಿ ಬರುವಂತೆ ಅತಿಯಾದ ಸಂತೋಷದಲ್ಲಿಯೂ ಕಣ್ಣೀರು ಬರುತ್ತದೆ. ಇದಕ್ಕೆ ಆನಂದಬಾಷ್ಪ ಎಂದು ಹೆಸರು.

ಉಪನಿಷತ್ತಿನಲ್ಲಿ

ಕೃಷ್ಣಯಜುರ್ವೇದಕ್ಕೆ ಸೇರಿದ ತೈತ್ತಿರೀಯ ಉಪನಿಷತ್ತಿನಲ್ಲಿ ಆನಂದದ ಮೀಮಾಂಸೆಯಿದೆ. ಸಜ್ಜನನೂ ವಿದ್ಯಾವಂತನೂ ದೃಢಕಾಯನೂ ಆದ ಯುವಕನಿಗೆ ಸಂಪತ್ತಿನಿಂದ ತುಂಬಿದ ಭೂಮಿಯೆಲ್ಲ ದೊರೆತರೆ ಆಗುವ ಸುಖವೇ ಒಂದು ಮಾನುಷ ಆನಂದ. ಅಲ್ಲಿಂದ ಗಂಧರ್ವರು, ಪಿತೃಗಳು, ದೇವತೆಗಳು, ಇಂದ್ರ, ಬೃಹಸ್ಪತಿ, ಪ್ರಜಾಪತಿ ಎಂದು 10 ಮೆಟ್ಟಿಲುಗಳಲ್ಲಿ ಬ್ರಹ್ಮನವರೆಗೆ ಆನಂದವು ಪ್ರತಿಸಲವೂ 100 ಪಟ್ಟು ಹೆಚ್ಚುತ್ತದೆ. ಆದರೆ ಪ್ರತಿಯೊಂದು ಮೆಟ್ಟಿಲಿನಲ್ಲೂ, ಕಾಮನೆಗಳಿಗೆ ವಶನಾಗದ ವೇದಜ್ಞನಿಗೂ ಅಷ್ಟೇ ಆನಂದವುಂಟೆಂದು ಉಪನಿಷತ್ತು ಹೇಳುತ್ತದೆ. ಅಂದರೆ ವಸ್ತುಗಳ ಪ್ರಾಪ್ತಿಯಿಂದ ಬರುವ ಸುಖಕ್ಕೆ ಅದಕ್ಕಿಂತ ಹೆಚ್ಚಿನದೊಂದು ಇದ್ದೇ ಇರುತ್ತದೆ. ಆಸೆಯ ಹಿಡಿತದಿಂದ ಬಿಡುಗಡೆ ಪಡೆದವನಿಗೆ ಮಾತ್ರ ಅತ್ಯುನ್ನತ ಆನಂದವೂ ಮಾನವ ಜನ್ಮದಲ್ಲಿಯೇ ಲಭ್ಯ.

ಇದೇ ಉಪನಿಷತ್ತಿನ ಭೃಗುವಲ್ಲಿಯಲ್ಲಿ ಭೃಗುವು ಅನ್ನ, ಪ್ರಾಣ, ಮನಸ್ಸು, ವಿಜ್ಞಾನಗಳನ್ನು ಒಂದೊಂದಾಗಿ ವಿಚಾರಿಸಿ, ಕೊನೆಗೆ ಆನಂದವೇ ಬ್ರಹ್ಮವೆಂದು ಅರಿಯುತ್ತಾನೆ.