ಒಮ್ಮೆ ಕಾಣುವ, ಒಮ್ಮೆ ಕಾಣದಿರುವ ಪುಟ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಜಮೀನುದಾರರಿಗೆ ಪಹಣಿ, ಬೆಳೆಸಾಲ, ಬೆಳೆವಿಮೆ ಮುಂತಾದ ವ್ಯವಹಾರಗಳು ಈಗ ಬಹುಮಟ್ಟಿಗೆ ಜಾಲತಾಣದ ಮೂಲಕವೇ ನಡೆಯತಕ್ಕವಾಗಿವೆ. ವಿಮೆಯ ಕಡೆಯ ದಿನದಂದು ಪರದೆಯ ಮೇಲೆ “404, ಪುಟ ಸಿಗಲಿಲ್ಲ” ಎಂದು ಕಂಡಲ್ಲಿ, ದಾಖಲೆಯೇ ಅಳಿದುಹೋಯಿತೆಂದು ರೈತನು ಗಾಬರಿಗೊಳ್ಳುವುದು ಸಹಜ. ಐದು ನಿಮಿಷದ ತರುವಾಯ ಅದೇ ಪುಟವು ತಾನಾಗಿ ತೋರಿಬಂದರೆ ಗೊಂದಲವು ಇಮ್ಮಡಿಯಾಗುತ್ತದೆ.

404 ಎಂಬ ಅಂಕೆಯ ಅರ್ಥವಿಷ್ಟೆ: ಕೋರಿಕೆಯು ಸರ್ವರನ್ನು ಮುಟ್ಟಿತು, ಆದರೆ ಆ ವಿಳಾಸದಲ್ಲಿ ಅದಕ್ಕೆ ಏನೂ ದೊರೆಯಲಿಲ್ಲ. ತಂತಿಯ ದೋಷವಾಗಿದ್ದರೆ ಈ ಅಂಕೆಯು ಬರುತ್ತಲೇ ಇರಲಿಲ್ಲ. ದಾಖಲೆಗಳಾದರೋ ಸಾಮಾನ್ಯವಾಗಿ ಬೇರೊಂದು ಭಂಡಾರದಲ್ಲಿರುವುದರಿಂದ ಅವುಗಳಿಗೆ ಇದರಿಂದ ಹಾನಿಯಿಲ್ಲ.

ಹಾಗಾದರೆ ಒಮ್ಮೆ ಸಿಕ್ಕಿ ಒಮ್ಮೆ ಸಿಗದಿರಲು ಕಾರಣವೇನು? ಜಾವಾ ಭಾಷೆಯ ಕಾರ್ಯಕ್ರಮಗಳನ್ನು ಟಾಮ್‌ಕ್ಯಾಟ್ ಮುಂತಾದ ಸರ್ವರುಗಳು ನಡೆಸುತ್ತವೆ. ಜನಸಂದಣಿ ಹೆಚ್ಚಿದಲ್ಲಿ ಇಂಥ ಎರಡು ಮೂರು ಸರ್ವರುಗಳನ್ನಿಟ್ಟು, ಅವುಗಳ ಮುಂದೆ ಲೋಡ್ ಬ್ಯಾಲೆನ್ಸರ್ ಎಂಬ ಹಂಚಿಕೆಯ ಯಂತ್ರವನ್ನು ನಿಲ್ಲಿಸುತ್ತಾರೆ. ಮದಗದಕೆರೆಯಂಥ ಕೆರೆಯ ಅಚ್ಚುಕಟ್ಟಿನಲ್ಲಿ ನೀರುಗಂಟಿಯು ಸರದಿಯಂತೆ ಕಾಲುವೆಗಳಿಗೆ ನೀರು ಬಿಡುವ ಹಾಗೆ, ಈ ಯಂತ್ರವು ಕೋರಿಕೆಗಳನ್ನು ಹಂಚುತ್ತದೆ. ಒಂದು ಕಾಲುವೆಯಲ್ಲಿ ಹೂಳು ತುಂಬಿದರೆ ಆ ಕಾಲುವೆಯವರಿಗೆ ಮಾತ್ರ ನೀರಿಲ್ಲ, ಕೆರೆಯು ಬತ್ತಿರುವುದಿಲ್ಲ. ಮೂರು ಸರ್ವರುಗಳ ಪೈಕಿ ಒಂದಕ್ಕೆ ಕಾರ್ಯಕ್ರಮದ ಹೊಸ ಪ್ರತಿಯನ್ನು ಹಾಕಲು ಮರೆತಿದ್ದರೆ, ಅಥವಾ ಹಾಕಿಯೂ ಅದು ಚಾಲನೆಗೆ ಬಾರದಿದ್ದರೆ, ಸುಮಾರು ಮೂರರಲ್ಲೊಂದು ಕೋರಿಕೆಗೆ 404 ಬರುತ್ತದೆ. ಕೆಲವೆಡೆ ಹಂಚಿಕೆಯ ಯಂತ್ರವು ಒಬ್ಬನನ್ನು ಒಂದೇ ಸರ್ವರಿಗೆ ಕಟ್ಟಿಹಾಕುವುದುಂಟು. ಆಗ ಅವನಿಗೆ ಎಷ್ಟು ಸಲ ಯತ್ನಿಸಿದರೂ ಸಿಗದ ಪುಟವು ಪಕ್ಕದ ಮನೆಯವನಿಗೆ ನಿರಾತಂಕವಾಗಿ ಸಿಗುತ್ತದೆ.

ಪ್ರತಿದಿನ ಒಂದೇ ಹೊತ್ತಿನಲ್ಲಿ ತೊಂದರೆ ಕಂಡರೆ, ಆ ಸಮಯದಲ್ಲಿ ಕಾರ್ಯಕ್ರಮವನ್ನು ಇಳಿಸಿ ಏರಿಸುತ್ತಿರುವರೆಂದು ಸಂಶಯಿಸಬಹುದು. ಅಜ್ಜಂಪುರವು ತರೀಕೆರೆಯಿಂದ ಬೇರೆ ತಾಲ್ಲೂಕಾಯಿತಷ್ಟೆ. ಹಿಂದೆ ಉಳಿಸಿಕೊಂಡ ಹಳೆಯ ವಿಳಾಸವು ಇಂಥ ಬದಲಾವಣೆಯಿಂದ ಕೆಟ್ಟಿದ್ದರೆ ಅದು ಯಾವಾಗಲೂ ಸಿಗದು. ಅದು ಬೇರೆಯ ರೋಗ.

ಸರ್ವರಿನ ಮೇಲ್ವಿಚಾರಕರು ಹಂಚಿಕೆಯ ಯಂತ್ರವನ್ನು ಬಿಟ್ಟು ಒಂದೊಂದು ಸರ್ವರನ್ನೂ ನೇರವಾಗಿ ಕೇಳಿನೋಡತಕ್ಕದ್ದು. ಯಾವುದು 404 ಕೊಟ್ಟಿತೆಂಬುದು ಅದರ ದಿನಚರಿಯ ಕಡತದಲ್ಲಿ ನಿಮಿಷ ಸಹಿತ ದಾಖಲಾಗಿರುತ್ತದೆ. ಎಲ್ಲವನ್ನೂ ನಿಲ್ಲಿಸಿ ಪುನಃ ಚಾಲನೆಗೊಳಿಸಿ ಸುಮ್ಮನಾಗುವುದು ಅನೇಕರ ರೂಢಿ. ಇದು ಹೂಳೆತ್ತದೆ ತೂಬನ್ನು ಮತ್ತೆ ಮತ್ತೆ ತೆರೆದಂತೆ. ಸರ್ವರು ಎಚ್ಚರವಾಗಿದೆಯೇ ಎಂದಷ್ಟೇ ಕೇಳದೆ, ಕಾರ್ಯಕ್ರಮದ ನಿಜವಾದ ಒಂದು ಪುಟವನ್ನೇ ಕೇಳಿ ಪರೀಕ್ಷಿಸುವಂತೆ ಹಂಚಿಕೆಯ ಯಂತ್ರವನ್ನು ಏರ್ಪಡಿಸಿದರೆ, ಕೆಟ್ಟ ಸರ್ವರು ತಾನಾಗಿ ಸರದಿಯಿಂದ ಹೊರಗುಳಿಯುತ್ತದೆ.

ಗ್ರಾಮದ ಮುಖಂಡರು ಮಾಡತಕ್ಕ ಕೆಲಸವೂ ಒಂದುಂಟು. “ಸೈಟ್ ಬರುತ್ತಿಲ್ಲ” ಎಂಬ ದೂರಿನಿಂದ ಪ್ರಯೋಜನವಿಲ್ಲ. ದಿನ, ಗಂಟೆ, ನಿಮಿಷ, ಪುಟದ ಪೂರ್ತಿ ವಿಳಾಸ, ಪರದೆಯಲ್ಲಿ ಕಂಡ ಅಂಕೆ, ಅದೇ ವೇಳೆಯಲ್ಲಿ ಮತ್ತೊಬ್ಬರ ಫೋನಿನಲ್ಲಿ ಪುಟವು ಕಂಡಿತೋ ಇಲ್ಲವೋ, ಇಷ್ಟನ್ನು ಬರೆದು ಸಂಬಂಧಪಟ್ಟ ಕಚೇರಿಗೆ ಕಳುಹಿಸಿದಲ್ಲಿ, ತಪ್ಪಿದ ಸರ್ವರನ್ನು ಅಂದೇ ಗುರುತಿಸಲು ಅನುಕೂಲವಾಗುವುದು.