ಮರುಭೂಮಿಯಲ್ಲಿ ಒಂದು ಹಗಲು

ಜೈಸಲ್ಮೇರ ಕೋಟೆಯ ಜಿನಮಂದಿರಗಳ ದರ್ಶನ ಮಾಡಿ ಬಂದವರು ನಮ್ಮ ಮನೆತನಗಳಲ್ಲಿ ಅನೇಕರಿದ್ದಾರೆ. ಆದರೆ ಅಲ್ಲಿಗೆ ಸೈಕಲ್ ತುಳಿದು ಹೋಗುತ್ತೇವೆ ಎಂದಾಗ ಸೊಲ್ಲಾಪುರದ ನಮ್ಮ ಪೇಟೆಯ ಹಿರಿಯರು ನಕ್ಕರು. "ರೈಲು ಇದೆ, ಬಸ್ಸು ಇದೆ, ದೇವರು ಕೊಟ್ಟ ಬುದ್ಧಿಯೂ ಇದೆ" ಎಂದು ಒಬ್ಬರು ಚೇಷ್ಟೆ ಮಾಡಿದರು. ಆದರೂ 2023ರ ಜನವರಿಯಲ್ಲಿ ನಾವು ಹನ್ನೊಂದು ಮಂದಿ ಹೊರಟೆವು. ನಮ್ಮಲ್ಲಿ ಹಿರಿಯರೆಂದರೆ 58 ವರ್ಷದ ಒಬ್ಬ ಶ್ರಾವಿಕೆ, ಕಿರಿಯನೆಂದರೆ 16 ವರ್ಷದ ಒಬ್ಬ ಹುಡುಗ. ಉಳಿದವರೆಲ್ಲ ಅಂಗಡಿಯ ಗಾದಿಯ ಮೇಲೆ ಕುಳಿತು ಹೊಟ್ಟೆ ಬೆಳೆಸಿಕೊಂಡವರೇ!

ಜೋಧಪುರದವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಓಸಿಯಾಂ ಮತ್ತು ಫಲೋದಿಯ ಮೂಲಕ ಮೂರು ದಿನಗಳಲ್ಲಿ ಪೋಕರಣ ಸೇರಿದೆವು. ಓಸವಾಲ ಬಂಧುಗಳ ಹೆಸರಿಗೆ ಮೂಲವಾದ ಓಸಿಯಾಂನಲ್ಲಿ ಎಂಟನೆಯ ಶತಮಾನದ ಮಹಾವೀರ ಮಂದಿರವಿದೆ. ಆ ಮೂರು ದಿನಗಳ ಸುದ್ದಿ ಇಲ್ಲಿ ಬೇಡ. ಕೊನೆಯ ದಿನದ್ದನ್ನು ಮಾತ್ರ ಹೇಳುತ್ತೇವೆ. ಪೋಕರಣದಿಂದ ಜೈಸಲ್ಮೇರಕ್ಕೆ ಸುಮಾರು 110 ಕಿಲೋಮೀಟರು. ಒಂದೇ ಹಗಲಿನಲ್ಲಿ ಮುಗಿಸಬೇಕೆಂಬುದು ನಮ್ಮ ಸಂಕಲ್ಪವಾಗಿತ್ತು.

ಹೊರಡುವ ಮೊದಲೇ ನಾವು ಎರಡು ನಿಯಮಗಳನ್ನು ಮಾಡಿಕೊಂಡಿದ್ದೆವು. ಒಂದು, ರಾತ್ರಿಭೋಜನ ತ್ಯಾಗ. ಸೂರ್ಯೋದಯವಾಗಿ ಎರಡು ಘಳಿಗೆ, ಅಂದರೆ 48 ನಿಮಿಷ ಕಳೆದ ಮೇಲೆಯೇ ಆಹಾರ, ನೀರು. ಸೂರ್ಯಾಸ್ತಕ್ಕೆ ಎರಡು ಘಳಿಗೆ ಇರುವಾಗಲೇ ಎಲ್ಲವೂ ಬಂದ್. ಇನ್ನೊಂದು, ಕತ್ತಲಲ್ಲಿ ಸೈಕಲ್ ತುಳಿಯಬಾರದು. ನೆಲ ನೋಡಿ ಹೆಜ್ಜೆ ಇಡಬೇಕೆಂಬ ಮುನಿಗಳ ಈರ್ಯಾಸಮಿತಿಯನ್ನು ಗೃಹಸ್ಥರು ಪೂರ್ತಿ ಪಾಲಿಸಲಾರರು. ಆದರೂ ಕಾಣದ ದಾರಿಯಲ್ಲಿ ಗಾಲಿ ಓಡಿಸುವುದನ್ನಾದರೂ ಬಿಡಬಹುದಲ್ಲ? ಲಾರಿಗಳು ಓಡಾಡುವ ಹೆದ್ದಾರಿಯಲ್ಲಿ ಜೀವದ ದೃಷ್ಟಿಯಿಂದಲೂ ಅದು ಒಳ್ಳೆಯದೇ.

ಲೆಕ್ಕದಲ್ಲಿ ಹುಟ್ಟಿ ಬೆಳೆದ ನಾವು ಲೆಕ್ಕದಲ್ಲಿಯೇ ತಪ್ಪಿದೆವು. ನಮ್ಮೂರಿನ ವಾಡಿಕೆಯಂತೆ ಏಳು ಗಂಟೆಗೆ ಬೆಳಕಾಗುತ್ತದೆ ಎಂದು ಎಣಿಸಿದ್ದೆವು. ಆದರೆ ಪೋಕರಣ ನಮ್ಮೂರಿಗಿಂತ ಬಹಳ ಪಶ್ಚಿಮಕ್ಕೂ ಉತ್ತರಕ್ಕೂ ಇದೆ. ಗಡಿಯಾರ ಮಾತ್ರ ದೇಶಕ್ಕೆಲ್ಲ ಒಂದೇ! ಜನವರಿಯ ನಡುವೆ ಅಲ್ಲಿ ಸೂರ್ಯ ಹುಟ್ಟುವುದು ಸುಮಾರು 7 ಗಂಟೆ 35 ನಿಮಿಷಕ್ಕೆ. ಮುಳುಗುವುದು ನಮ್ಮೂರಿನಂತೆಯೇ ಆರೂಕಾಲರ ಸುಮಾರಿಗೆ. ಅರ್ಧ ಗಂಟೆಗೂ ಹೆಚ್ಚು ಹಗಲು ನಮ್ಮ ಖಾತೆಯಿಂದ ಮೊದಲೇ ಖರ್ಚಾಗಿತ್ತು. ಅನ್ನ ನೀರಿಗೆ ಸಿಗುವ ವೇಳೆ 8 ಗಂಟೆ 25 ನಿಮಿಷದಿಂದ 5 ಗಂಟೆ 25 ನಿಮಿಷದವರೆಗೆ, ಸರಿಯಾಗಿ ಒಂಬತ್ತು ತಾಸು.

ಬೆಳಗಿನ ಚಳಿಗೆ ಕೈಬೆರಳು ಮರಗಟ್ಟಿದ್ದವು. ಹತ್ತು ಕಿಲೋಮೀಟರು ದಾಟುವ ಹೊತ್ತಿಗೆ ವೇಳೆಯಾಯಿತು. ಹಿಂದಿನಿಂದ ಬಂದ ಜೀಪಿನಿಂದ ಬುತ್ತಿ ಇಳಿಸಿದೆವು. ಮನೆಯಿಂದ ತಂದ ಖಡಕ್ ರೊಟ್ಟಿ, ಬೆಳ್ಳುಳ್ಳಿ ಇಲ್ಲದ ಶೇಂಗಾ ಚಟ್ನಿ, ಬೆಲ್ಲ. ನೀರನ್ನು ಹಿಂದಿನ ಸಂಜೆ ಗಾಳಿಸಿ ಕುದಿಸಿ ಕ್ಯಾನುಗಳಲ್ಲಿ ತುಂಬಿಟ್ಟಿದ್ದೆವು. ಕುದಿಸಿದ ನೀರಿಗೆ 24 ಗಂಟೆಯ ಮರ್ಯಾದೆ ಇರುವುದರಿಂದ ಇಡೀ ದಿನಕ್ಕೆ ಚಿಂತೆ ಇರಲಿಲ್ಲ.

ಮರುಭೂಮಿ ಎಂದರೆ ಬರೀ ಮರಳ ದಿನ್ನೆ ಎಂದು ನಾವು ತಿಳಿದಿದ್ದೆವು. ಈ ದಾರಿಯಲ್ಲಿ ಹಾಗಿಲ್ಲ. ಕಣ್ಣು ಹಾಯುವವರೆಗೂ ಗರಸು ನೆಲ, ಕುರುಚಲು ಗಿಡ, ನಡುನಡುವೆ ಎಕ್ಕ. ಅಲ್ಲಿಯವರು ಖೇಜಡಿ ಎಂದು ಪೂಜಿಸುವ ಮರ ಬೇರೆ ಯಾವುದೂ ಅಲ್ಲ, ದಸರೆಯಲ್ಲಿ ನಮ್ಮವರು ಬಂಗಾರವೆಂದು ಎಲೆ ಹಂಚುವ ಬನ್ನಿಯೇ. ನೂರಾರು ಮೈಲು ದೂರದ ನೆಲದಲ್ಲಿ ನಮ್ಮ ಬನ್ನಿ ಕಂಡಾಗ ನೆಂಟರು ಸಿಕ್ಕಂತಾಯಿತು. ಸೊಲ್ಲಾಪುರದ ಪಕ್ಕದ ನಾನ್ನಜದಲ್ಲಿ 1979ರಲ್ಲಿ ಯಾವ ಹಕ್ಕಿಗಾಗಿ ಅಭಯಾರಣ್ಯ ಮಾಡಿದರೋ ಆ ಮಾಳಢೋಕ ಹಕ್ಕಿ ಇನ್ನೂ ಬದುಕಿ ಉಳಿದಿರುವುದು ಹೆಚ್ಚಾಗಿ ಈ ಪ್ರದೇಶದಲ್ಲಿಯೇ. ನಮಗೆ ಅದರ ದರ್ಶನವಾಗಲಿಲ್ಲ.

ದರ್ಶನವಾದದ್ದು ಮುಳ್ಳುಗಳದ್ದು. ಲಾಠಿ ಗ್ರಾಮ ಸುಮಾರು 40 ಕಿಲೋಮೀಟರು. ಅಲ್ಲಿ ಮುಟ್ಟುವುದರೊಳಗೆ ನಾಲ್ಕು ಸಲ ಪಂಕ್ಚರ್ ಆಯಿತು. ಹಿಂದೆ ಬಿದ್ದವರನ್ನು ಬಿಟ್ಟು ಮುಂದೆ ಹೋಗಬಾರದೆಂದು ಮಾತಾಗಿತ್ತು. ಆದ್ದರಿಂದ ಒಬ್ಬರ ಗಾಲಿ ಇಳಿದರೆ ಹನ್ನೊಂದು ಗಾಡಿಯೂ ನಿಲ್ಲುತ್ತಿದ್ದವು. ಲಾಠಿಯಲ್ಲಿ ಊಟ ಮಾಡಿ ಚಾಂಧನ ದಾಟುವಾಗ ಎರಡೂವರೆ. ಅಲ್ಲಿಂದ ಪಡುವಣ ಗಾಳಿ ಎದುರಾಯಿತು. ಇಳಿಜಾರಿನಲ್ಲಿಯೂ ತುಳಿಯಬೇಕಾದ ಸ್ಥಿತಿ. ಐದು ಗಂಟೆಗೆ 85 ಕಿಲೋಮೀಟರು ಮಾತ್ರ ಆಗಿತ್ತು.

ಸಂಜೆಯ ಊಟವನ್ನು ಜೈಸಲ್ಮೇರದ ಧರ್ಮಶಾಲೆಯಲ್ಲಿ ಮಾಡುವ ಆಸೆ ಬಿಟ್ಟು ಒಂದು ಬನ್ನಿಯ ಕೆಳಗೆ ಕುಳಿತೆವು. 5 ಗಂಟೆ 25 ನಿಮಿಷಕ್ಕೆ ಕೈ ತೊಳೆದು ಮತ್ತೆ ಗಾಡಿ ಏರಿದೆವು. ಇಪ್ಪತ್ತು ನಿಮಿಷ ಆಗಿರಬಹುದು. ನಮ್ಮ 16 ವರ್ಷದ ಹುಡುಗ ಸೈಕಲ್ ನಿಲ್ಲಿಸಿ ರಸ್ತೆಯ ಬದಿಗೆ ಕುಳಿತುಬಿಟ್ಟ. ತಲೆ ತಿರುಗುತ್ತಿತ್ತು, ತುಟಿ ಒಡೆದಿದ್ದವು. ಅಂಗಿಯ ಬೆನ್ನ ಮೇಲೆ ಉಪ್ಪಿನ ಬಿಳಿ ಗೆರೆಗಳು ಮೂಡಿದ್ದವು.

ವಿಚಾರಿಸಿದರೆ ಅವನು ಬೆಳಗಿನಿಂದ ಕುಡಿದದ್ದು ಒಂದೇ ಬಾಟಲಿ. ಊಟಕ್ಕೆ ಕುಳಿತಾಗಲೂ ಎರಡು ಗುಟುಕು ಮಾತ್ರ. ನೀರಡಿಕೆ ತಡೆಯುವುದೂ ತಪಸ್ಸೇ ಎಂದು ಅವನು ತನ್ನಷ್ಟಕ್ಕೆ ನಿಶ್ಚಯ ಮಾಡಿಕೊಂಡಿದ್ದ. ಚಳಿಗಾಲದ ಒಣ ಹವೆಯಲ್ಲಿ ಬೆವರು ಬಂದದ್ದೇ ತಿಳಿಯುವುದಿಲ್ಲ, ಬಂದ ಕ್ಷಣವೇ ಆರಿಹೋಗುತ್ತದೆ. ಬಿಸಿಲಿನ ಬಾಧೆ ಇಲ್ಲವೆಂದು ನಾವು ಹಿರಿಯರು ಯಾರೂ ಅವನ ಬಾಟಲಿಯ ಕಡೆ ನೋಡಿರಲಿಲ್ಲ. ತಪ್ಪು ಅವನದಕ್ಕಿಂತ ನಮ್ಮದೇ ಹೆಚ್ಚು.

ನೀರು ಕೊಟ್ಟರೆ ಅವನು ಮುಖ ತಿರುಗಿಸಿದ. "ವೇಳೆ ಮೀರಿದೆ, ನಿಯಮ ಮುರಿಯಲಾರೆ" ಎಂದ. ನಮಗೆ ಏನು ಹೇಳಬೇಕೆಂದು ತೋಚಲಿಲ್ಲ. ಮನೆಯಲ್ಲಿ ಮಕ್ಕಳಿಗೆ ನಿಯಮ ಕಲಿಸುವವರು ನಾವೇ ಅಲ್ಲವೇ?

ಆಗ ಮುಂದೆ ಬಂದವರು ನಮ್ಮ ಹಿರಿಯ ಶ್ರಾವಿಕೆ. ಮೂವತ್ತು ವರ್ಷಗಳಿಂದ ಸಂಜೆಯ ನಂತರ ಹನಿ ನೀರೂ ಮುಟ್ಟದವರು ಅವರು. ಲೋಟವನ್ನು ತಾವೇ ಅವನ ಬಾಯಿಗೆ ಹಿಡಿದು ಹೇಳಿದರು: "ಸೂರ್ಯ ಅಲ್ಲಿ ಇದ್ದಾನೆ ನೋಡು, ಇನ್ನೂ ಮುಳುಗಿಲ್ಲ. ಎರಡು ಘಳಿಗೆ ಮೊದಲೇ ನಿಲ್ಲಿಸುವುದು ನಾವು ಎಚ್ಚರಿಕೆಗೆ ಹಾಕಿಕೊಂಡ ಬೇಲಿ. ರಾತ್ರಿ ಬಿಡು ಎಂದು ಧರ್ಮ ಹೇಳಿತೇ ಹೊರತು ಹಗಲೆಲ್ಲ ಒಣಗು ಎಂದು ಹೇಳಲಿಲ್ಲ. ವ್ರತ ಬೇರೆ, ಹಠ ಬೇರೆ. ನಿನ್ನ ಮೈಯೂ ಒಂದು ಜೀವವೇ, ಅದಕ್ಕೂ ಅಹಿಂಸೆ ಇದೆ."

ಹುಡುಗ ಕುಡಿದ. ಸಕ್ಕರೆ, ಉಪ್ಪು ಬೆರೆಸಿದ ನೀರನ್ನು ಗುಟುಕು ಗುಟುಕಾಗಿ ಸೂರ್ಯ ಮುಳುಗುವವರೆಗೂ ಕುಡಿಸಿದೆವು. ಸ್ವಲ್ಪ ಹೊತ್ತಿಗೆ ಕಣ್ಣಿಗೆ ಕಳೆ ಬಂತು. ಪಕ್ಕದ ಮೈಲುಗಲ್ಲಿನ ಮೇಲೆ ಜೈಸಲ್ಮೇರ 20 ಎಂದಿತ್ತು. ಕೆಲವರಿಗೆ ಹೇಗಾದರೂ ಮುಗಿಸಿಬಿಡುವ ಆಸೆ. ಆದರೆ ಕತ್ತಲ ನಿಯಮಕ್ಕೆ ಬೇಲಿಯೂ ಇರಲಿಲ್ಲ, ಸಡಿಲವೂ ಇರಲಿಲ್ಲ. ಅಲ್ಲಿಗೇ ನಿಲ್ಲಿಸಿದೆವು. ಸಮೀಪದ ಢಾಣಿಯ, ಅಂದರೆ ನಾಲ್ಕಾರು ಮನೆಗಳ ಹಟ್ಟಿಯ ಜನ ನಮ್ಮ ಸೈಕಲ್ಲುಗಳನ್ನು ಅಂಗಳದಲ್ಲಿ ಇರಿಸಿಕೊಂಡರು. ಹಣ ಕೊಡಹೋದರೆ ಕೈ ಮುಗಿದರು. ಜೀಪು ಎರಡು ಸಲ ತಿರುಗಿ ನಮ್ಮನ್ನು ಊರು ಮುಟ್ಟಿಸಿತು.

ಮರುದಿನ ಬೆಳಗ್ಗೆ ಅದೇ ಮೈಲುಗಲ್ಲಿಗೆ ಮರಳಿ ಹೋಗಿ ಉಳಿದ 20 ಕಿಲೋಮೀಟರು ತುಳಿದೆವು. ಎಲ್ಲರಿಗಿಂತ ಮುಂದೆ ಆ ಹುಡುಗ. ಹ್ಯಾಂಡಲಿಗೆ ಎರಡು ಬಾಟಲಿ! ಎಳೆಬಿಸಿಲಿನಲ್ಲಿ ಹಳದಿ ಕಲ್ಲಿನ ಕೋಟೆ ದೂರದಿಂದಲೇ ಹೊಳೆಯಿತು. ಒಳಗಿನ ಪಾರ್ಶ್ವನಾಥ ಮಂದಿರದಲ್ಲಿ ಪಂಥದ ಭೇದ ನೆನಪಾಗಲಿಲ್ಲ. ಒಂದು ಕಾಲಕ್ಕೆ ಒಂಟೆಗಳ ಸಾಲು ಕಟ್ಟಿಕೊಂಡು ಈ ದಾರಿಯಲ್ಲಿ ಸರಕು ಸಾಗಿಸಿದ ವ್ಯಾಪಾರಿಗಳ ದಾನದಿಂದಲೂ ಆ ಕಲ್ಲಿನ ಕುಸುರಿ ಅರಳಿದೆ. ನೀರಿನ ಲೆಕ್ಕ ತಪ್ಪಿದವನು ಆ ಕಾಲದಲ್ಲಿ ಮನೆಗೆ ಮರಳುತ್ತಿರಲಿಲ್ಲ.

ಹೋಗಬಯಸುವ ತರುಣರಿಗೆ ನಾಲ್ಕು ಮಾತು. ಡಿಸೆಂಬರ್, ಜನವರಿಯಲ್ಲಿಯೇ ಹೋಗಿ. ಇದೇ ದಾರಿಯ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ಬಿಸಿಲು ದಾಖಲಾಗಿತ್ತು. ಉದಯಾಸ್ತದ ವೇಳೆಯನ್ನು ಆಯಾ ಊರಿನ ಪಂಚಾಂಗದಿಂದಲೇ ನೋಡಿರಿ. ದಿನಕ್ಕೆ 80 ಕಿಲೋಮೀಟರಿಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಪ್ರತಿ ನಿಲುಗಡೆಯಲ್ಲಿಯೂ ಒಬ್ಬರ ಬಾಟಲಿಯನ್ನು ಇನ್ನೊಬ್ಬರು ನೋಡಲಿ.

ಊರಿಗೆ ಬಂದ ಮೇಲೆ ಚೇಷ್ಟೆ ಮಾಡಿದ್ದ ಹಿರಿಯರು, "110 ಮುಗಿಯಿತೇನು?" ಎಂದು ಕೇಳಿದರು. "90 ಒಂದು ದಿನ, 20 ಮರುದಿನ" ಎಂದೆವು. "ಹಾಗಾದರೆ ಜಮಾ ಸರಿಯಾಯಿತು ಬಿಡಿ" ಎಂದು ಅವರು ಮತ್ತೆ ನಕ್ಕರು.