ಗಣಕಯಂತ್ರದ ಹೊರೆ ಇಳಿಸುವ ಬಗೆ

ಈಶ್ವರಮಂಗಲದ ಕಡೆಯ ತೋಟದ ಮನೆಗಳಲ್ಲಿ ಅಡಿಕೆಯ ಲೆಕ್ಕಕ್ಕೂ ಮಕ್ಕಳ ಪಾಠಕ್ಕೂ ಒಂದೇ ಹಳೆಯ ಗಣಕಯಂತ್ರವಿರುವುದುಂಟು. ಅದು ನಿಧಾನವಾದೊಡನೆ ಹೊಸದಕ್ಕೆ ಹಣ ಸುರಿಯುವುದು ಅವಸರವೆಂದೇ ನಮ್ಮ ಅಭಿಪ್ರಾಯ. ಯಂತ್ರ ಚಾಲೂ ಆಗುವಾಗ ಕರೆಯದ ತಂತ್ರಾಂಶಗಳೂ ಒಟ್ಟಿಗೆ ಎದ್ದು ನಿಲ್ಲುತ್ತವೆ. ತಿರುಗುವ ಹಾರ್ಡ್ ಡಿಸ್ಕ್ ಇದ್ದಲ್ಲಿ, ಮಾಹಿತಿ ಓದುವ ಅದರ ತೋಳು ಎಲ್ಲಕ್ಕೂ ಅತ್ತಿತ್ತ ಓಡಾಡಬೇಕಾಗುತ್ತದೆ.

ವಿಂಡೋಸ್ 10ರಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಕೂಡಿ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ‘ಸ್ಟಾರ್ಟ್‌ಅಪ್’ ಪುಟದಲ್ಲಿ ಬೇಡವಾದುದನ್ನು ಆರಿಸಿ ‘ಡಿಸೇಬಲ್’ ಒತ್ತಬೇಕು. ತಂತ್ರಾಂಶ ಅಳಿಯದು, ಬೇಕಾದಾಗ ನಾವೇ ತೆರೆಯಬಹುದು. ವೈರಸ್ ತಡೆಯುವುದನ್ನು ಮುಟ್ಟಬಾರದು. ನಿತ್ಯ ಕನ್ನಡ ಬರೆಯುವವರು ‘ನುಡಿ’, ‘ಬರಹ’ಗಳನ್ನು ಉಳಿಸಿಕೊಳ್ಳಲಿ. ಹೆಸರು ತಿಳಿಯದುದನ್ನು ಬಲ್ಲವರನ್ನು ಕೇಳಿಯೇ ನಿಲ್ಲಿಸಿರಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಯಂತ್ರ ಚುರುಕಾಯಿತೆಂದು, ಭದ್ರತೆಯ ಏರ್ಪಾಡಿಲ್ಲದೆ, ಅದರಲ್ಲಿ ಬ್ಯಾಂಕಿನ ವ್ಯವಹಾರ ನಡೆಸುವುದು ಬೇಡ.